ಮಾನ್ವಿ ಅನ್ನಮ್ಮನ ಆಶೀರ್ವಾದ

ಆ ಪಂದ್ಯವನ್ನು ರೇವಣಸಿದ್ದನ ತಂಡ ಗೆದ್ದಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದದ್ದನ್ನು ಕೇಳಿದವರೆಲ್ಲ ಹುಡುಗ ಸೋತು ಬಂದಿದ್ದನೆಂದೇ ತಿಳಿದುಕೊಳ್ಳುತ್ತಾರೆ.

ರೇವಣಸಿದ್ದ ದೇವದುರ್ಗ ತಾಲೂಕಿನ ಗಬ್ಬೂರಿನವನು, ಕುರಿ ಕಾಯುವ ಮಾಳಿಂಗಪ್ಪನ ಮಗ. ಟೀವಿಯಲ್ಲಿ ಬರುವ ದೊಡ್ಡ ಕಬಡ್ಡಿ ಲೀಗಿನಲ್ಲಿ ದಖ್ಖನ್ ಗರುಡ ಎಂಬ ತಂಡಕ್ಕೆ ರೈಡರ್ ಆಗಿದ್ದ. ಹೈದರಾಬಾದಿನ ಆ ಪಂದ್ಯದಲ್ಲಿ ಕೊನೆಯ ರೈಡ್ ಅವನ ಪಾಲಿಗೆ ಬಂತು. ತಂಡ ಒಂದೇ ಪಾಯಿಂಟಿನಿಂದ ಮುಂದಿತ್ತು. ಕೋಚ್ ಹೊರಗಿನಿಂದ ಎರಡೂ ಕೈ ಆಡಿಸಿ, ಯಾರ ತಂಟೆಗೂ ಹೋಗಬೇಡ, ಸುಮ್ಮನೆ ಹೋಗಿ ಬಾ ಎಂದು ಸನ್ನೆ ಮಾಡಿದರು. ರೇವಣಸಿದ್ದ ಎದುರಾಳಿಗಳ ಅಂಗಳಕ್ಕೆ ಹೋಗಿ, ದಾಟಬೇಕಾದ ಗೆರೆ ದಾಟಿ, ಯಾರ ಮೈಯನ್ನೂ ಮುಟ್ಟದೆ ಹಿಂದಕ್ಕೆ ಬಂದು ನಿಂತ. ಸೀಟಿ ಕೂಗಿತು. ತಂಡದವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಬಟ್ಟೆ ಬದಲಿಸಿ ಫೋನ್ ನೋಡಿದರೆ ತುಂಬ ಬೈಗುಳ. ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ, ಇನ್ನೂ ಯಾವ ಯಾವುದೋ ಲಿಪಿಯಲ್ಲಿ. ಮೊದಲು ಅವನಿಗೆ ಇದು ಬೇರೆ ಯಾರಿಗೋ ಬರಬೇಕಾದದ್ದು ಅನ್ನಿಸಿತು. ಆದರೆ ಎಲ್ಲದರಲ್ಲೂ ಅವನ ಹೆಸರೇ ಇತ್ತು.

ಮೊಣಕಾಲು ಸ್ವಲ್ಪ ಉಳುಕಿದ್ದರಿಂದ ತಂಡದವರು ಊರಿಗೆ ಹೋಗಿ ಬಾ ಎಂದು ಕಳಿಸಿದರು. ರಾಯಚೂರಿನಲ್ಲಿ ರೈಲು ಇಳಿದವನು ನೇರ ತೀನ್ ಕಂದೀಲ್ ಸರ್ಕಲಿನ ಹತ್ತಿರ ಪರ್ವೇಜನ ಅಂಗಡಿಗೆ ಹೋದ. ಪರ್ವೇಜ್ ಅವನ ಜೊತೆ ಕಾಲೇಜಿನಲ್ಲಿ ಕಬಡ್ಡಿ ಆಡಿದವನು, ಈಗ ಆಟದ ಸಾಮಾನು ಮಾರುತ್ತಿದ್ದ.

"ಗೆದ್ದೀವಲ್ಲೋ, ಪರ್ವೇಜ್. ಗೆದ್ದರೂ ಯಾಕ ಬೈಯಾಕತ್ತಾರ?"

ಪರ್ವೇಜ್ ಫೋನ್ ಇಸಿದುಕೊಂಡು ಓದಿದ. ಓದುತ್ತಾ ಓದುತ್ತಾ ಅವನ ಹುಬ್ಬು ಮೇಲೆ ಹೋಯಿತು. "ಲೇ ರೇವ್ಯಾ, ಇವರು ಆಟ ನೋಡೋ ಮಂದಿ ಅಲ್ಲ, ಬೆಟ್ ಕಟ್ಟೋ ಮಂದಿ. ನಿಂದು ಒಂಬತ್ತು ಪಾಯಿಂಟ್ ಆಗಿತ್ತು. ನೀ ಹತ್ತು ಮಾಡ್ತಿ ಅಂತ ಕಟ್ಟಿದ್ರು. ನೀ ಯಾರನ್ನೂ ಮುಟ್ಟದ ಬಂದಿ. ತಂಡ ಗೆದ್ರ ಅವರಿಗೇನು, ಬಿಟ್ರ ಅವರಿಗೇನು?"

"ಮುಟ್ಟಾಕ ಹೋಗಿ ಸಿಕ್ಕೊಂಡಿದ್ರ ಗೆಲುವು ಕೈ ತಪ್ತಿತ್ತಲ್ಲೋ."

"ಆಗ ಬ್ಯಾರೆ ಮಂದಿ ಬೈತಿದ್ರು. ಚಾ ಕುಡಿ."

ಪರ್ವೇಜ್ ಹೇಳಿದ್ದು ಅವನ ತಲೆಗೆ ಹೋಯಿತು, ಎದೆಗೆ ಇಳಿಯಲಿಲ್ಲ. ಒಬ್ಬನನ್ನು ಬ್ಲಾಕ್ ಮಾಡಿದರೆ ಇನ್ನಿಬ್ಬರು ಬರುತ್ತಿದ್ದರು. ಅವನಲ್ಲಿ ಒಂದು ಕೆಟ್ಟ ಚಾಳಿ ಇತ್ತು. ಬಂದ ಪ್ರತಿಯೊಂದನ್ನೂ ಓದುತ್ತಿದ್ದ, ಓದಿದ ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ ನಂಬುತ್ತಿದ್ದ. ಅವುಗಳಲ್ಲಿ ಒಂದು ಅಕೌಂಟ್ ಮಾತ್ರ ಅವನಿಗೆ ಅರ್ಥವೇ ಆಗಿರಲಿಲ್ಲ. 'ಅನ್ನಮ್ಮ ರೈಸ್ ಟ್ರೇಡರ್ಸ್, ಮಾನ್ವಿ' ಎಂದು ಹೆಸರು. ಹಣೆಯ ತುಂಬ ವಿಭೂತಿ ಬಳಿದುಕೊಂಡು, ಅಕ್ಕಿ ಚೀಲದ ಪಕ್ಕ ಕೈಮುಗಿದು ನಗುವ ಮುದುಕಿಯ ಫೋಟೊ. ಆ ಫೋಟೊದ ಕೆಳಗಿನಿಂದ ದಿನಾ ಬೈಗುಳ ಬರುತ್ತಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು.

ಗಬ್ಬೂರಿನ ಮನೆಯ ಕಟ್ಟೆಯ ಮೇಲೆ ಕೂತು ಅವನು ಅದನ್ನೇ ನೋಡುತ್ತಿದ್ದಾಗ ತಾಯಿ ಯಂಕಮ್ಮ ಪುಂಡಿಪಲ್ಯ ಸೋಸುತ್ತಾ ಮಗನ ಮುಖ ನೋಡಿದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಮುಖ ಓದುವುದು ಬರುತ್ತಿತ್ತು.

"ಏನ್ ಬಂದದೋ ಅದರಾಗ? ಮಾರಿ ಯಾಕ ಹಂಗ ಮಾಡ್ಕೊಂಡಿ?"

"ಏನಿಲ್ಲ ಬೇ."

"ಏನಿಲ್ಲದ್ದಕ್ಕ ಅಷ್ಟೊತ್ತು ನೋಡ್ತಾರೇನು?" ಅವಳು ಎದ್ದು ಬಂದು ಫೋನಿನಲ್ಲಿ ಇಣುಕಿದಳು. "ಯಾರೋ ಈ ಯವ್ವ? ಎಂಥಾ ಲಕ್ಷಣ ಅದಾಳ! ಏನ್ ಬರದಾಳ, ಓದು."

ಬರೆದದ್ದು 'ನಿನ್ನ ಮನೆ ಹಾಳಾಗಲಿ' ಎಂದು. ರೇವಣಸಿದ್ದನಿಗೆ ಬೆವರು ಬಂತು. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಹಾಳೂ ಹಾಲೂ ಒಂದೇ ತರ ಕಾಣುತ್ತವೆ. ದೇವರೇ ದಾರಿ ತೋರಿಸಿದಂತೆ ಆಯಿತು.

"ನಿನ್ನ ಮನಿ ಹಾಲಾಗಲಿ ಅಂತ ಬರದಾಳ ಬೇ."

ಯಂಕಮ್ಮನ ಕೈಯಲ್ಲಿದ್ದ ಪಲ್ಯ ಮೊರಕ್ಕೆ ಬಿತ್ತು. "ಹಾಲಾಗಲಿ ಅಂದಾಳ? ಗುರ್ತಿಲ್ಲ, ಪರಿಚಯಿಲ್ಲ, ನಮ್ಮ ಮನಿ ಹಾಲಾಗಲಿ ಅಂದಾಳ?" ಅವಳ ಕಣ್ಣು ತುಂಬಿತು. "ಈ ಊರಾಗ ನೀ ಟೀವಿಯಾಗ ಬಂದ ಮ್ಯಾಲೆ ಒಬ್ಬಾಕಿ ನೆಟ್ಟಗ ಮಾತಾಡಿಲ್ಲ ನನ್ನ ಜೋಡಿ. ಮತ್ತೇನ್ ಬರದಾಳ?"

ಮುಂದಿನದು 'ನಿನ್ನ ಕಾಲು ಮುರಿಯಲಿ'. ಒಮ್ಮೆ ಸುಳ್ಳು ಹೇಳಿದವನಿಗೆ ಎರಡನೆಯದು ಸಲೀಸು. "ನಿಮ್ಮ ಹೊಲದಾಗ ಕಾಳು ತುಂಬಲಿ ಅಂದಾಳ."

"ಅಕ್ಕಿ ಯಾಪಾರದಾಕಿ ಅಲ್ಲೇನು, ಕಾಳಿನ ಬೆಲೆ ಆಕಿಗೆ ಗೊತ್ತು," ಎಂದು ಯಂಕಮ್ಮ ಆ ಫೋಟೊಕ್ಕೆ ಕೈಮುಗಿದಳು.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಆ ವಾರ ದೇವದುರ್ಗದಲ್ಲಿ ಯುವಕ ಸಂಘದವರು ರೇವಣಸಿದ್ದನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಸಂಘದ ಅಧ್ಯಕ್ಷ ವಿರೂಪಣ್ಣ ತಮ್ಮ ಭಾಷಣವನ್ನು ಮುಗಿಸುವ ಲಕ್ಷಣವೇ ಕಾಣಲಿಲ್ಲ. ಯಾರೋ ಚಪ್ಪಾಳೆ ಹೊಡೆದು ಕೂರಿಸಿದರು. ಆಮೇಲೆ "ಇಂಥಾ ಮಗನನ್ನು ಹೆತ್ತ ತಾಯಿ ಎರಡು ಮಾತಾಡಬೇಕು" ಎಂದು ಮೈಕನ್ನು ಯಂಕಮ್ಮನ ಮುಂದೆ ಹಿಡಿದರು. ಅವಳು ಮಾತಾಡುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅವಳು ಮೈಕನ್ನು ಕಸಿದುಕೊಂಡಳು.

"ಎಲ್ಲಾರಿಗೂ ಶರಣ್ರೀ. ನನ್ನ ಮಗನಿಗೆ ನೀವು ಶಾಲು ಹೊಚ್ಚಿದ್ರಿ, ಚಲೋ ಆತು. ಆದ್ರ ಇವನು ಗೆದ್ದ ದಿನದಿಂದ ದಿನಾ ತಪ್ಪದ ಹರಸಿದಾಕಿ ಒಬ್ಬಾಕಿ ಅದಾಳ. ಮಾನ್ವಿ ಅನ್ನಮ್ಮ. ಅಕ್ಕಿ ಅಂಗಡಿಯಾಕಿ. ನಿನ್ನ ಮನಿ ಹಾಲಾಗಲಿ ಅಂತ ಬರೀತಾಳ. ಕಾಳು ತುಂಬಲಿ ಅಂತ ಬರೀತಾಳ. ಯವ್ವಾ ಅನ್ನಮ್ಮಾ, ನೀ ಎಲ್ಲೇ ಇರು, ನಿನ್ನ ಮಕ್ಕಳು ಮರಿ ತಣ್ಣಗಿರಲಿ. ನಿನ್ನ ಬಾಯಾಗಿಂದ ಬಂದದ್ದು ನಿನ್ನ ಮನಿಗೂ ಆಗಲಿ!"

ಸಭೆಯೆಲ್ಲ ಚಪ್ಪಾಳೆ. ವೇದಿಕೆಯ ಮೇಲೆ ಶಾಲು ಹೊದ್ದು ಕೂತಿದ್ದ ರೇವಣಸಿದ್ದ ಮಾತ್ರ ತನ್ನ ಪಾದ ನೋಡುತ್ತಿದ್ದ. ರಾಯಚೂರಿನಿಂದ ಬಂದಿದ್ದ ಪರ್ವೇಜ್ ಇದೆಲ್ಲವನ್ನೂ ವಿಡಿಯೊ ಮಾಡಿ, ಖುಷಿಯಿಂದ ಎಲ್ಲ ಕಡೆ ಹಾಕಿದ. ಪಾಪ, ಅನ್ನಮ್ಮನ ಹೆಸರಿನ ಬೈಗುಳ ಅವನ ಕಣ್ಣಿಗೆ ಬಿದ್ದಿರಲಿಲ್ಲ, ಹಿಂದಿನ ಕಥೆ ಅವನಿಗೂ ಗೊತ್ತಿರಲಿಲ್ಲ.

ವಿಡಿಯೊ ಮಾನ್ವಿಗೆ ಮರುದಿನ ಮುಂಜಾನೆ ತಲುಪಿತು. ಅನ್ನಮ್ಮ ಲಿಂಗಪೂಜೆ ಮುಗಿಸಿ, ಮಗ ಕೊಟ್ರೇಶನ ಅಂಗಡಿಯಲ್ಲಿ ಬಂದು ಕೂತಿದ್ದಳು. ಅಂಗಡಿಯ ಹೆಸರು ಅವಳದು, ಫೋಟೊ ಅವಳದು, ಯಾಪಾರ ಮಗನದು. ಪಕ್ಕದ ಅಂಗಡಿಯವರು ಬಂದು ತೋರಿಸಿದಾಗ ಅವಳು ಕನ್ನಡಕ ಏರಿಸಿ ನೋಡಿದಳು. ಇನ್ನೊಮ್ಮೆ ಹಾಕಿಸಿ ನೋಡಿದಳು.

"ನಾ ಯಾವಾಗ ಬರದೆನೋ ಕೊಟ್ರೇಶ? ನನಗ ಫೋನ್ ಎತ್ತಾಕ ಬಿಟ್ರ ಏನೂ ಬರಂಗಿಲ್ಲ."

ಕೊಟ್ರೇಶ ಅಕ್ಕಿಯ ಕಾಳು ಪರೀಕ್ಷಿಸುತ್ತಾ ನಿಂತಲ್ಲೇ ನಿಂತ. ಅವನು ಬೆಟ್ ಕಟ್ಟುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಬೈಯುವಾಗ ತನ್ನ ಅಕೌಂಟಿನಿಂದ ಬೈಯುತ್ತಿದ್ದೇನೆಂದೇ ಅವನು ತಿಳಿದಿದ್ದ. ಅಂಗಡಿಯ ಅಕೌಂಟಿನಿಂದ, ತಾಯಿಯ ಫೋಟೊ ಹೊತ್ತು ಅವೆಲ್ಲ ಹೋಗಿವೆ ಎಂಬುದು ಅವನಿಗೆ ಗೊತ್ತಾದದ್ದು ಆ ಕ್ಷಣದಲ್ಲೇ.

"ನಾನ ಬರದೆ ಯವ್ವಾ," ಎಂದ. "ನಿನ್ನ ಹೆಸರಿನ ಮ್ಯಾಲೆ. ನಮ್ಮ ಜಿಲ್ಲಾದ ಹುಡುಗ, ಚಲೋ ಆಡ್ತಾನ... ನಿನ್ನ ಆಶೀರ್ವಾದ ಇರಲಿ ಅಂತ."

ಅನ್ನಮ್ಮ ಮಗನನ್ನು ಅಡಿಯಿಂದ ಮುಡಿತನಕ ನೋಡಿದಳು. ಅವನ ಬಗ್ಗೆ ಅವಳಿಗೆ ಅಷ್ಟೇನೂ ಭರವಸೆ ಇರಲಿಲ್ಲ. "ಬಸವಣ್ಣ ನಿನಗ ಇಷ್ಟು ಬುದ್ಧಿ ಕೊಟ್ಟಾನ ಅಂತ ನನಗ ಗೊತ್ತಿರಲಿಲ್ಲ," ಎಂದು ಅವನ ತಲೆ ಸವರಿದಳು. "ಆ ಹೆಣ್ಣುಮಗಳು ಅಷ್ಟು ಮಂದಿ ಮುಂದ ನನ್ನ ಹೆಸರು ಹೇಳ್ಯಾಳ. ಸುಮ್ಮನಿದ್ರ ಪಾಪ ಬರ್ತದ. ಅವರನ್ನೆಲ್ಲಾ ಊಟಕ್ಕ ಕರಿ. ಈ ಸೋಮವಾರನ ಕರಿ."

ಹೀಗಾಗಿ ಕೊಟ್ರೇಶ ಮೊದಲ ಸಲ ರೇವಣಸಿದ್ದನಿಗೆ ಫೋನ್ ಮಾಡಿದ. ಗೋದಾಮಿನಲ್ಲಿ ಚೀಲಗಳ ಹಿಂದೆ ನಿಂತು, ದನಿ ತಗ್ಗಿಸಿ.

"ರೇವಣಸಿದ್ದ ಸರ್‍ರೇನ್ರಿ? ನಾ ಮಾನ್ವಿ ಕೊಟ್ರೇಶರೀ. ಅನ್ನಮ್ಮ ರೈಸ್ ಟ್ರೇಡರ್ಸ್."

ಬೈದವರು ಫೋನ್ ಮಾಡಿ 'ರೀ' ಹಚ್ಚುತ್ತಾರೆಂದು ರೇವಣಸಿದ್ದ ಎಣಿಸಿರಲಿಲ್ಲ.

"ಸರ್‍ರ, ನೀವು ನಿಮ್ಮ ತಾಯಿಯವರಿಗೆ ಹಾಲಾಗಲಿ ಅಂತ ಓದಿ ಹೇಳಿದ್ರಂತ..."

"ಮತ್ತೇನ್ ಹೇಳಬೇಕಿತ್ತು? ನೀ ಬರದದ್ದನ್ನ ಬರದಂಗ ಓದಬೇಕಿತ್ತೇನು?"

"ಬ್ಯಾಡ್ರಿ, ಬ್ಯಾಡ್ರಿ! ನೀವು ಓದಿದ್ದ ಸರಿ ಅದ. ನಮ್ಮವ್ವನೂ ಹಂಗ ತಿಳಕೊಂಡಾಳ. ಸೋಮವಾರ ನಿಮ್ಮನ್ನ ಊಟಕ್ಕ ಕರೀಬೇಕಂತ. ನೀವು ಬರಾಕ ಆಗಂಗಿಲ್ಲ ಅಂದುಬಿಡ್ರಿ. ಕಾಲು ನೋವು ಅಂತ ಹೇಳ್ರಿ."

"ಕಾಲು ಮುರೀಲಿ ಅಂದಾವ ನೀನ, ಈಗ ಕಾಲು ನೋವು ಅಂತ ಹೇಳು ಅನ್ನಾವನೂ ನೀನ," ಎಂದ ರೇವಣಸಿದ್ದ. ಅಷ್ಟರಲ್ಲಿ ಹಿಂದಿನಿಂದ ಯಂಕಮ್ಮ ಬಂದಳು. ಮಾನ್ವಿ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ಅವಳು ಫೋನ್ ಕಸಿದುಕೊಂಡು, ಯಾರು, ಏನು, ಅವ್ವನ ಹೆಸರಿನಲ್ಲಿ ಬರೆದದ್ದು ಯಾರು ಎಂದು ವಿಚಾರಿಸಿ, ಊಟದ ಸುದ್ದಿ ಕೇಳಿ, "ಬರ್ತೀವಪ್ಪಾ, ಯಾಕ ಬರಂಗಿಲ್ಲ? ಅವನಿಗೆ ನಡಿಯಾಕ ಆಗದಿದ್ರ ಹೊತ್ಕೊಂಡು ಬರ್ತೀವಿ" ಎಂದು ಒಪ್ಪಿಕೊಂಡುಬಿಟ್ಟಳು.

ಸೋಮವಾರ ದೇವದುರ್ಗದಿಂದ ಮಾನ್ವಿ ಬಸ್ಸು ಹತ್ತಿದಾಗ ಯಂಕಮ್ಮನ ತೊಡೆಯ ಮೇಲೆ ಒಂದು ಗಂಟು ಇತ್ತು. ಒಳಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮಾಳಿಂಗಪ್ಪನ ಅಣ್ಣ ನೇಯ್ದ ಹೊಸ ಕರಿ ಕಂಬಳಿ. ಹೊರಗೆ ರಾಯಚೂರು ಜಿಲ್ಲೆಯ ಬಿಸಿಲು, ಹಂಚಿನ ಮೇಲೆ ಕೂತಂತೆ. ಸಿರವಾರ ದಾಟಿ ಕಾಲುವೆಯ ನೀರು, ಹಸಿರು ಗದ್ದೆ ಕಂಡ ಮೇಲೆ ಮಾಳಿಂಗಪ್ಪ ಮೊದಲ ಸಲ ಬಾಯಿ ಬಿಟ್ಟ. "ಇಲ್ಲಿ ಕುರಿ ಬಿಟ್ರ ಮಂದಿ ಕಟಗಿ ತಗೊಂಡು ಬರ್ತಾರ," ಎಂದ. ರೇವಣಸಿದ್ದ ದಾರಿಯುದ್ದಕ್ಕೂ ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡ. ಅದು ಎಂದೂ ಇಲ್ಲದಂತೆ ವೇಳೆಗೆ ಸರಿಯಾಗಿ ಮಾನ್ವಿ ತಲುಪಿತು.

ಬಾಗಿಲಲ್ಲಿ ಅನ್ನಮ್ಮ ನಿಂತಿದ್ದಳು. ಇಬ್ಬರು ತಾಯಂದಿರೂ ಹಿಂದಿನ ಜನ್ಮದ ಗೆಳತಿಯರಂತೆ ಕೈ ಕೈ ಹಿಡಿದುಕೊಂಡರು.

"ಬಾರವ್ವಾ ತಂಗಿ, ಬಾ. ನಿನ್ನ ಮಾತು ಕೇಳಿ ನನಗ ಅವತ್ತು ರೊಟ್ಟಿ ಇಳೀಲಿಲ್ಲ."

"ನೀ ಬರದದ್ದು ಕೇಳಿ ನನಗೂ ಹಂಗ ಆತು ಯಕ್ಕಾ."

ಒಳಗೆ ಬಂದು ಕೂತ ಕೂಡಲೇ ಯಂಕಮ್ಮ ಗಂಟು ಬಿಚ್ಚಿದಳು. "ಹೇಳಿದಾಕಿ ನೀನು, ಬರದ ಕೈ ನಿನ್ನ ಮಗಂದು," ಎಂದು ಕಂಬಳಿ ಬಿಡಿಸಿ ಕೊಟ್ರೇಶನ ಹೆಗಲ ಮೇಲೆ ಹೊದಿಸಿದಳು. ಬೇಸಿಗೆ ಮಧ್ಯಾಹ್ನ, ಉಣ್ಣೆಯ ಕಂಬಳಿ. ಹಿರಿಯರು ಹೊದಿಸಿದ್ದನ್ನು ತಕ್ಷಣ ತೆಗೆಯುವಂತಿಲ್ಲ. ಕೊಟ್ರೇಶ ಅದರೊಳಗೆ ಬೇಯತೊಡಗಿದ. ಅವನೂ ರೇವಣಸಿದ್ದನೂ ಒಂದೇ ಚಾಪೆಯ ಮೇಲೆ ಪಕ್ಕ ಪಕ್ಕ ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ.

"ಅಳಿಸಿದೀ?" ಎಂದು ರೇವಣಸಿದ್ದ ತುಟಿ ಅಲ್ಲಾಡಿಸದೆ ಕೇಳಿದ.

"ಎಲ್ಲಾ ಅಳಿಸೀನ್ರಿ. ಒಂದೂ ಉಳದಿಲ್ಲ."

ಎಲೆ ಹಾಕಿದರು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹೋಳಿಗೆ, ತುಪ್ಪ, ಹೊಸ ಅಕ್ಕಿಯ ಅನ್ನ. ಪಂಕ್ತಿಯ ತುದಿಯಲ್ಲಿ ಅನ್ನಮ್ಮನ ಅಣ್ಣ ಮಹಾಂತಯ್ಯ ಕೂತಿದ್ದರು. ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು, ಮಠದಲ್ಲಿ ವಚನ ಓದುವವರು. ತುತ್ತು ಎತ್ತುವ ಮೊದಲು ಅನ್ನಮ್ಮ ಹೇಳಿದಳು, "ಅಣ್ಣಾ, ಆ ಆಶೀರ್ವಾದ ಒಂದ್ಸಲ ಓದಿಬಿಡು. ಎಲ್ಲಾರೂ ಕೇಳಿ ಊಟ ಮಾಡೋಣು. ಎಲ್ಲದಾವೋ ಕೊಟ್ರೇಶ?"

"ಅವು... ಫೋನಿನಾಗ ಹೋಗ್ಯಾವ ಯವ್ವಾ. ತಾವ ಅಳಿಸಿಹೋಗ್ತಾವ."

"ನನ್ನ ಫೋನ್ ಚಾರ್ಜ್ ಇಲ್ಲ," ಎಂದ ರೇವಣಸಿದ್ದ, ಯಾರೂ ಕೇಳದಿದ್ದರೂ.

ಆಗ ತುಪ್ಪ ಬಡಿಸುತ್ತಿದ್ದ ಕೊಟ್ರೇಶನ ಹೆಂಡತಿ ವಿಜಯಶ್ರೀ, ಮಿಳ್ಳಿ ಕೆಳಗಿಟ್ಟು ಸೆರಗಿಗೆ ಕೈ ಒರಸಿಕೊಂಡಳು. ಅಂಗಡಿಯ ಅಕೌಂಟಿಗೆ ಅಕ್ಕಿಯ ಫೋಟೊ ಹಾಕುವುದು ಅವಳೇ. ವಿಡಿಯೊ ಬಂದ ದಿನವೇ ಅವಳು ಅದನ್ನು ತೆರೆದು ನೋಡಿದ್ದಳು, ಗಂಡನಿಗೆ ಒಂದು ಮಾತೂ ಹೇಳಿರಲಿಲ್ಲ. "ಅಳಿಸಿದ್ರ ಏನಾತು ಅತ್ತೀ, ನಾ ಎಲ್ಲಾದರದೂ ಫೋಟೊ ತಗದಿಟ್ಟೀನಿ," ಎಂದು ತನ್ನ ಫೋನನ್ನು ಮಹಾಂತಯ್ಯನವರ ಕೈಗೆ ಕೊಟ್ಟಳು.

"ಎಂಥಾ ಭಕ್ತಿ ನೋಡ್ರಿ ನನ್ನ ಸೊಸಿದು," ಎಂದಳು ಅನ್ನಮ್ಮ.

ಕೊಟ್ರೇಶ ಕಂಬಳಿಯೊಳಗೆ ಇನ್ನೂ ಸಣ್ಣವನಾದ.

ಮಹಾಂತಯ್ಯ ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಮಠದ ದನಿಯಲ್ಲಿ ಶುರುಮಾಡಿದರು. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದುವುದರಲ್ಲಿ ಅವರ ಗಮನವೆಲ್ಲ ಇತ್ತು. "ನಿನ್ನ... ಮನೆ... ಹಾಲಾಗಲಿ. ಆಹಾ!" ಎಲ್ಲರೂ ಕೈಮುಗಿದರು. "ನಿನ್ನ... ಕಾಳು... ಮುರಿಯಲಿ." ಅವರು ನಿಲ್ಲಿಸಿದರು. "ಕಾಳು ಮುರದ್ರ ನುಚ್ಚಾಗ್ತದ. ಅಕ್ಕಿ ಯಾಪಾರ ಮಾಡಾವ ಹಿಂಗ ಯಾಕ ಬರದಿ ಕೊಟ್ರೇಶ?"

"ನುಚ್ಚಿನ ಇಡ್ಲಿ ಭಾಳ ಚಲೋ ಆಗ್ತಾವಲ್ರೀ ಮಾಮಾ," ಎಂದ ಕೊಟ್ರೇಶ. ಬೆವರು ಅವನ ಮೂಗಿನ ತುದಿಯಿಂದ ಎಲೆಗೆ ಬಿತ್ತು.

ಮಹಾಂತಯ್ಯನವರಿಗೆ ಸಮಾಧಾನವಾಗಲಿಲ್ಲ. ಆದರೂ ಓದುವ ವೇಗ ಬಂದುಬಿಟ್ಟಿತ್ತು. ಮೂರನೆಯದನ್ನು ಒಂದೇ ಉಸಿರಿಗೆ ಓದಿದರು. "ನೀ ಸತ್ತ ದಿನ ನಾ ಊರಿಗೆಲ್ಲಾ ಪೇಡೆ ಹಂಚ್ತೀನಿ."

ಇದರಲ್ಲಿ ಹಾಲೂ ಇರಲಿಲ್ಲ, ಕಾಳೂ ಇರಲಿಲ್ಲ. ಎರಡು ರೀತಿ ಓದುವುದಕ್ಕೆ ಬರುತ್ತಲೂ ಇರಲಿಲ್ಲ.

ಯಂಕಮ್ಮ ನಿಧಾನವಾಗಿ ಕೇಳಿದಳು, "ಇದು ನನ್ನ ಮಗನಿಗೆ ಬರದದ್ದೇನ್ರಿ?"

ಅವಳು ಕೊಟ್ರೇಶನ ಕಡೆ ತಿರುಗಿದಳು. "ನನ್ನ ಮಗ ನಿನಗೇನ್ ಮಾಡಿದ್ದನಪ್ಪಾ?"

"ಒಂದು... ಪಾಯಿಂಟ್ ತರಲಿಲ್ರಿ."

"ಸೋತರೇನು?"

"ಇಲ್ರಿ. ಗೆದ್ರು."

"ಗೆದ್ದಾವನಿಗೆ ಸಾಯಿ ಅಂತ ಬರದೀ?" ಇದು ಅನ್ನಮ್ಮ. "ನನ್ನ ಫೋಟೊ ಹಚ್ಚಿ ಬರದೀ? ವಿಭೂತಿ ಹಚ್ಚಿದ ಮಾರಿ ಇಟ್ಟು ಸಾಯಿ ಅಂದೀ?"

"ಬೆಟ್ ಕಟ್ತಾರ ಅತ್ತೀ," ಎಂದಳು ವಿಜಯಶ್ರೀ. "ನಾ ಕೇಳಿದ್ರ ಅಕ್ಕಿ ರೇಟು ನೋಡಾಕತ್ತೀನಿ ಅಂತಿದ್ರು."

ಅನ್ನಮ್ಮ ಎದ್ದು ನಿಂತಳು. "ಏಳು. ಆ ಹುಡುಗ ನಿನ್ನ ಬಾಜೂಕ ಅದಾನ. ಅವ್ವನೂ ಇಲ್ಲೇ ಅದಾಳ. ಬರದದ್ದನ್ನ ಬಾಯಿಲೆ ಅನ್ನು. ಅವರ ಮಾರಿ ನೋಡಿ ಅನ್ನು."

ಕೊಟ್ರೇಶ ಎದ್ದ. ರೇವಣಸಿದ್ದನೂ ಎದ್ದು ನಿಂತ. ಎದುರಾಳಿಗಳನ್ನು ಎಳೆದುಕೊಂಡು ಬರುವ ಆಳು, ಬಾಗಿಲಷ್ಟು ಅಗಲ. ಕೊಟ್ರೇಶ ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. ಕೊನೆಗೆ ಅವನ ಕಣ್ಣಲ್ಲಿ ನೀರು ಬಂತು.

"ಫೋನಿನಾಗ ನೀವು ಮನುಷ್ಯಾರ ಹಂಗ ಕಾಣ್ತಿದ್ದಿಲ್ರಿ," ಎಂದ ರೇವಣಸಿದ್ದನಿಗೆ. "ಒಂಬತ್ತು ಅಂತ ಅಷ್ಟ ಕಾಣ್ತಿತ್ತು. ಹತ್ತಾಗಲಿಲ್ಲ ಅಂತ ಸಿಟ್ಟು ಬಂತು. ನನ್ನದು ತಪ್ಪಾತ್ರಿ."

ಇಷ್ಟು ದಿನ ರೇವಣಸಿದ್ದ ಎದೆಯಲ್ಲಿ ಕೂಡಿಟ್ಟಿದ್ದ ಉತ್ತರಗಳೆಲ್ಲ ಬಲವಾದ ಮನುಷ್ಯನೊಬ್ಬನಿಗೆ ಇಟ್ಟವು. ಕಂಬಳಿ ಹೊದ್ದು ಅಳುವ ಇವನಿಗೆ ಅವು ಯಾವುವೂ ಹೊಂದಲಿಲ್ಲ. "ನೀ ಬರದದ್ದನ್ನ ಓದಿ ನಾ ಆಟ ಬಿಡೂಣು ಅಂತ ಮಾಡಿದ್ದೆ," ಎಂದಷ್ಟೇ ಹೇಳಿದ.

ಅದನ್ನು ಕೇಳಿ ಯಂಕಮ್ಮ ಮಗನ ಕಡೆ ತಿರುಗಿದಳು. ಆಗ ಅವಳ ಬಾಯಿ ತೆರೆಯಿತು ನೋಡಿ. ಗಬ್ಬೂರಿನ ನೀರಿನ ಟಾಕಿಯ ಹತ್ತಿರ ಅವಳ ಸರದಿಯನ್ನು ಯಾರೂ ತಪ್ಪಿಸದಿರುವುದಕ್ಕೆ ಕಾರಣವಿತ್ತು. ಮೊದಲು ಮಗನಿಗೆ. ಸುಳ್ಳು ಹೇಳಿದ್ದಕ್ಕೆ, ಒಬ್ಬನೇ ನುಂಗಿಕೊಂಡು ಕೂತದ್ದಕ್ಕೆ, ದೇವದುರ್ಗದ ಮಂದಿಯ ಮುಂದೆ ತನ್ನ ಬಾಯಿಂದ ಇಂಥವನನ್ನು ಹರಸಿಸಿದ್ದಕ್ಕೆ. ಆಮೇಲೆ ಕೊಟ್ರೇಶನಿಗೆ. ಅವನು ಫೋನಿನಲ್ಲಿ ಬರೆದಿದ್ದೆಲ್ಲ ಅದರ ಮುಂದೆ ಮಕ್ಕಳ ಪದ್ಯ. ಒಂದೊಂದು ಬೈಗುಳಕ್ಕೂ ಮಹಾಂತಯ್ಯ ಕಣ್ಣು ಮುಚ್ಚಿ "ಶಿವ ಶಿವ" ಎನ್ನುತ್ತಿದ್ದರು, ಆದರೆ ಎದ್ದು ಹೋಗಲಿಲ್ಲ. ಅನ್ನಮ್ಮ ಮಗನ ಪರ ಒಂದು ಮಾತೂ ಆಡಲಿಲ್ಲ. ನಡುನಡುವೆ "ಇನ್ನೂ ಬೈಯವ್ವಾ, ಕಡಿಮಿ ಆತು" ಎಂದಳು.

ಉಸಿರು ತಿರುಗಿದ ಮೇಲೆ ಯಂಕಮ್ಮ ಕೊಟ್ರೇಶನ ಹೆಗಲಿನಿಂದ ಕಂಬಳಿ ಎಳೆದಳು. ಅವನ ಮುಖದಲ್ಲಿ ಒಂದು ಕ್ಷಣ ಬಿಡುಗಡೆ ಕಂಡಿತು. ಅವಳು ಅದನ್ನು ಝಾಡಿಸಿ ಮಡಿಚಿ ಅನ್ನಮ್ಮನ ಕೈಯಲ್ಲಿಟ್ಟಳು. "ಇದು ನಿನಗ ಯಕ್ಕಾ. ನೀ ಬರೀಲಿಲ್ಲ ಅಂದ್ರೂ ನೀ ಒಳ್ಳೇಕಿ ಅದಿ."

"ಊಟ ಮಾಡ್ದ ಹೋಗಬ್ಯಾಡ ತಂಗಿ. ನನ್ನ ಮಾರಿ ನೋಡಿ ಕುಂದ್ರು," ಎಂದು ಅನ್ನಮ್ಮ ಕಣ್ಣೊರಸಿಕೊಂಡಳು.

ಎಲ್ಲರೂ ತಿರುಗಿ ಎಲೆಯ ಕಡೆ ನೋಡಿದರು. ಮಾಳಿಂಗಪ್ಪ ತನ್ನ ಎಲೆಯನ್ನು ಆಗಲೇ ಖಾಲಿ ಮಾಡಿ ಕೂತಿದ್ದ. "ಬೈಯೂದು ಭಾಳೊತ್ತು ಆಗ್ತದ ಅಂತ ಗೊತ್ತಿತ್ತು," ಎಂದ. "ಹೋಳಿಗಿ ಇನ್ನೊಂದು ಹಾಕವ್ವಾ." ವಿಜಯಶ್ರೀ ಮೊದಲು ನಕ್ಕಳು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ಕೊಟ್ರೇಶನ ಫೋನು ಅಂದಿನಿಂದ ವಿಜಯಶ್ರೀಯ ಕೈಯಲ್ಲಿದೆ. ಅವನು ಪೂರ್ತಿ ಸುಧಾರಿಸಿದನೆಂದು ಅವಳು ಯಾರಿಗೂ ಹೇಳುವುದಿಲ್ಲ, "ಸದ್ಯ ಬರೇ ಅಕ್ಕಿ ರೇಟು ನೋಡ್ತಾರ" ಎನ್ನುತ್ತಾಳೆ. ಅಂಗಡಿಯ ಅಕೌಂಟನ್ನು ಅನ್ನಮ್ಮ ವಹಿಸಿಕೊಂಡಳು. ಬರೆಯಲು ಬರದಿದ್ದರೂ ಮಾತು ತುಂಬಿ ಕಳಿಸುವುದನ್ನು ಸೊಸೆ ಕಲಿಸಿದಳು. ರೇವಣಸಿದ್ದನ ಆಟದ ಕೆಳಗೆ ಯಾರಾದರೂ ಬೈದರೆ ಅವರಿಗೆ ಅನ್ನಮ್ಮನ ದನಿ ಹೋಗುತ್ತಿತ್ತು: "ತಮ್ಮಾ, ನಾ ಮಾನ್ವಿ ಅನ್ನಮ್ಮ ಮಾತಾಡಾಕತ್ತೀನಿ. ನಿಮ್ಮವ್ವನ ನಂಬರ್ ಕೊಡು, ಒಂದೀಟು ಮಾತಾಡೂದದ." ಕೆಲವರು ಬರೆದದ್ದನ್ನು ಅಳಿಸಿದರು. ಕೆಲವರು ಅವಳಿಗೇ ಬೈದರು. ಬಳ್ಳಾರಿ ಕಡೆಯ ಒಬ್ಬ ಖರೇನೇ ತಾಯಿಯ ನಂಬರ್ ಕೊಟ್ಟ. ಆ ತಾಯಿಯೂ ಅನ್ನಮ್ಮನೂ ಈಗ ದಿನ ಬಿಟ್ಟು ದಿನ ಉಪ್ಪಿನಕಾಯಿಯ ಬಗ್ಗೆ ಮಾತಾಡುತ್ತಾರೆ.

ರೇವಣಸಿದ್ದ ತಂಡಕ್ಕೆ ಮರಳಿದ. ಬೈಗುಳ ನಿಂತಿಲ್ಲ. ಗೆದ್ದರೂ ಬರುತ್ತವೆ, ಸೋತರೂ ಬರುತ್ತವೆ. ಅವನು ಈಗ ಓದುವುದಿಲ್ಲ. ಓದಿದರೂ ಪರ್ವೇಜನಿಗೆ ಕಳಿಸುತ್ತಾನೆ, ಇಬ್ಬರೂ ಕೂಡಿ ಬೈಯುತ್ತಾರೆ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಅನ್ನಮ್ಮನಿಗೆ ಕಬಡ್ಡಿಯ ರುಚಿ ಹತ್ತಿತು. ಪುಣೆಯ ಪಂದ್ಯದಲ್ಲಿ ತಂಡ ಕೆಟ್ಟದಾಗಿ ಸೋತಾಗ ರೇವಣಸಿದ್ದನಿಗೆ ಮೊದಲು ಬಂದ ಫೋನು ಮಾನ್ವಿಯದು.

"ಅಲ್ಲೋ ಮಗನ, ಆ ಬಲಗಡೆ ಮೂಲ್ಯಾಗ ಉದ್ದನ್ನ ಹುಡುಗ ಬಗ್ಗಿ ನಿಂತಿದ್ದ. ನನ್ನಂಥಾ ಮುದುಕಿಗೆ ಕಂಡಿತು, ನಿನಗ ಕಾಣಲಿಲ್ಲೇನು? ಕಣ್ಣು ಎಲ್ಲಿಟ್ಟಿದ್ದಿ? ಆಟ ಆಡಾಕ ಹೋಗಿದ್ದೋ, ದನ ಹುಡುಕಾಕ ಹೋಗಿದ್ದೋ?"

"ತಪ್ಪಾತು ಯವ್ವಾ," ಎಂದ ರೇವಣಸಿದ್ದ, ಕಾಲಿಗೆ ಐಸು ಒತ್ತಿಕೊಳ್ಳುತ್ತಾ.

"ತಪ್ಪಾತು ಅಂದ್ರ ಪಾಯಿಂಟ್ ಬರ್ತದೇನು?" ಎಂದು ಅವಳು ಇನ್ನೊಂದಷ್ಟು ಬೈದಳು. ಆಮೇಲೆ, ಉಂಡಿಯೋ ಇಲ್ಲೋ ಎಂದು ಕೇಳಿದಳು. ಇನ್ನೂ ಇಲ್ಲ ಎಂದಾಗ ಅದಕ್ಕೂ ಬೈದು ಫೋನಿಟ್ಟಳು.